ಪಾಯದ ಬುತ್ತಿ

ನಾನು ಆ ಊರಿಗೆ ಹೋದಾಗ ಅಲ್ಲಿನ ಹಳೆಯ ಶಾಲೆ ಕೆರೆಯೊಳಗಿತ್ತು. ಪೂರ್ತಿ ಅಲ್ಲ, ಒಂದನೇ ತರಗತಿಯ ಕೋಣೆ ಮಾತ್ರ. ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ಸಂತೆ ಮೈದಾನದ ಪಕ್ಕ ಕಟ್ಟಿದ್ದರಂತೆ. ಮಕ್ಕಳು ಕೈಕಟ್ಟಿ ಪಾಠ ಕೇಳುತ್ತಿದ್ದರೂ ಮನಸ್ಸೆಲ್ಲ ಕೆರೆಯಲ್ಲೇ ಇರುತ್ತಿತ್ತು. ಹಾಗಾಗಿ ಶಾಲೆ ದಿನಕ್ಕಿಷ್ಟು ದಿನಕ್ಕಿಷ್ಟು ಅಂತ ಪಡುವಣಕ್ಕೆ ಸರಿಯುತ್ತ ಹೋಗಿ, ದಾರಿಯಲ್ಲಿ ಒಂದು ಬೇವಿನ ಮರವನ್ನು ಬಳಸಿಕೊಂಡು, ಕೊನೆಗೆ ದಂಡೆ ಇಳಿದು ನೀರಿಗೆ ಕಾಲಿಟ್ಟು ನಿಂತಿತ್ತು. ಮಳೆಗಾಲದಲ್ಲಿ ಒಂದನೇ ತರಗತಿಯ ಮಕ್ಕಳು ಬೆಂಚಿನ ಮೇಲೆ ಕಾಲು ಮಡಿಚಿಕೊಂಡು ಕೂತು ಅಕ್ಷರ ತಿದ್ದುತ್ತಿದ್ದರು. ಬಾಗಿಲಲ್ಲಿ ಮೀನು ಕಂಡರೆ ಪಾಠ ಅಲ್ಲಿಗೆ ನಿಲ್ಲುತ್ತಿತ್ತು.

ಅಲ್ಲಿ ಎಲ್ಲ ಕಟ್ಟಡಗಳೂ ಸರಿಯುತ್ತಿದ್ದವು. ಒಳಗಿರುವವರು ಯಾರನ್ನು, ಯಾವುದನ್ನು ನೆನೆಯುತ್ತಾರೋ ಅದರ ಕಡೆಗೆ, ತಿಂಗಳಿಗೆ ಒಂದು ಬೆರಳಷ್ಟು, ನೆನಪು ಜೋರಾಗಿದ್ದರೆ ಒಂದು ಗೇಣು. ಜನ ಅದಕ್ಕೆ ಹೊಂದಿಕೊಂಡಿದ್ದರು. ಕರೆಂಟಿನ ತಂತಿಗಳನ್ನು ಜೋಲುಬಿಟ್ಟಿದ್ದರು. ಕೊಳವೆಗಳ ಸಂದಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದರು. ಅಂಚೆಯವನು ಮನೆ ನಂಬರು ನೋಡುತ್ತಿರಲಿಲ್ಲ, ಯಾರಿಗೆ ಯಾರ ಮೇಲೆ ಜೀವ ಎಂದು ವಿಚಾರಿಸಿಕೊಂಡು ಕಾಗದ ಮುಟ್ಟಿಸುತ್ತಿದ್ದ. ನನ್ನ ಬಾಡಿಗೆ ಕೋಣೆಯ ಎದುರು ಇಬ್ಬರು ಅಕ್ಕತಂಗಿಯರ ಮನೆಗಳಿದ್ದವು. ಒಂಬತ್ತು ವರ್ಷದಿಂದ ಮಾತು ಬಿಟ್ಟವರು. ಒಂದು ಕಾಲಕ್ಕೆ ಓಣಿಯ ಎರಡು ತುದಿಗಿದ್ದ ಆ ಮನೆಗಳು ಈಗ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು, ನಡುವೆ ಬೆಕ್ಕು ತೂರಲೂ ಜಾಗವಿರಲಿಲ್ಲ. ಆದರೂ ಮಾತಿಲ್ಲ. ಒಬ್ಬಳು ಒಗ್ಗರಣೆ ಹಾಕಿದರೆ ಇನ್ನೊಬ್ಬಳು ಸೀನುತ್ತಿದ್ದಳು, ಅಷ್ಟೆ.

ನನ್ನ ಹೆಸರು ಹುಲಿಗೆಮ್ಮ. ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಬೇರೆಯವರ ನಕ್ಷೆಗಳಿಗೆ ಅಳತೆ ಬರೆದುಕೊಟ್ಟ ಮೇಲೆ, ಮೂರನೇ ವರ್ಷ, ಆ ಊರಿಗೆ ಹೊಸ ಶಾಲೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮೊದಲ ಕಟ್ಟಡ. ಪುರಸಭೆಯ ಅಧ್ಯಕ್ಷರಾದ ಮಹಾಂತಗೌಡರು ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು.

“ಬಾಯಾರ, ನಮಗ ಚಂದ ಬ್ಯಾಡ. ನಿಂತಲ್ಲೆ ನಿಲ್ಲೂವಂಥಾ ಸಾಲಿ ಬೇಕು. ಊರಾಗ ಒಂದರ ಕಟ್ಟಡ ಹೇಳಿದ ಮಾತು ಕೇಳಲಿ.”

“ನಿಲ್ತೈತ್ರಿ. ಚಂದಾನೂ ಇರ್ತೈತಿ,” ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆ ಎಂದು ನೆನೆದರೆ ಈಗಲೂ ಕಿವಿ ಬೆಚ್ಚಗಾಗುತ್ತದೆ.

ಆದರೆ ನಾನು ಸುಮ್ಮನೆ ಜಂಬ ಕೊಚ್ಚಲಿಲ್ಲ. ಲೆಕ್ಕ ಹಾಕಿದೆ. ಅಲ್ಲಿಯವರು ಮನೆ ಕಟ್ಟುವಾಗ ಪಾಯದ ಕೆಳಗೆ ಹೊಳೆಯ ದುಂಡು ಹರಳು ಹಾಸುತ್ತಿದ್ದರು, ಮನೆ ಸರಿಯಬೇಕೆಂದರೆ ಸಲೀಸಾಗಿ ಸರಿಯಲಿ ಎಂದು. ನಾನು ಹರಳನ್ನೆಲ್ಲ ತೆಗೆಸಿ, ಮಣ್ಣು ಅಗೆಸಿ, ಕೆಳಗಿನ ಬಂಡೆ ಸಿಗುವವರೆಗೆ ಹೋದೆ. ಹದಿನಾರು ಕಂಬ, ಒಂದೊಂದಕ್ಕೂ ಬಂಡೆಯಲ್ಲಿ ನಾಲ್ಕು ಅಡಿ ತೂತು ಕೊರೆದು ಕಬ್ಬಿಣದ ಸರಳು ಇಳಿಸಿ ಬಿಗಿಯುವ ಯೋಚನೆ. ಇನ್ನು ಮಕ್ಕಳ ಮನಸ್ಸಿನ ಮಾತು. ಅದಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿ ಬಸಲಿಂಗಮ್ಮನವರು ಒಂದು ದಾರಿ ಹೇಳಿಕೊಟ್ಟರು. “ಹುಡುಗ್ರ ಮನಸು ಕಟ್ಟಿಹಾಕಾಕ ಆಗೂದಿಲ್ರಿ. ಕೆರಿ ಕಣ್ಣಿಗೆ ಕಂಡ್ರ ಮನಸು ತಾನ ಒಳಗ ಕುಂದರತೈತಿ,” ಎಂದರು. ನಾನು ಕಿಟಕಿಗಳನ್ನೆಲ್ಲ ಪಡುವಣಕ್ಕೆ, ಕೆರೆಯ ಕಡೆಗೆ ತೆರೆದೆ. ಏಳು ವರ್ಷದ ಮಗು ಮೊಣಕೈ ಊರಿ ನಿಲ್ಲುವಷ್ಟು ಎತ್ತರಕ್ಕೆ ಕಿಟಕಿಯ ಕಟ್ಟೆ ಇಟ್ಟೆ. ಮೆಟ್ಟಿಲುಗಳನ್ನು ಐದೇ ಇಂಚು ಎತ್ತರ ಮಾಡಿದೆ. ಆ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಕೆಲಸವಿಲ್ಲದಿದ್ದರೂ ಊರೆಲ್ಲ ತಿರುಗುತ್ತಿದ್ದೆ. ಚಹಾದಂಗಡಿಯಲ್ಲಿ ಕಟ್ಟಡದ ಜಾಗ ಕಾಣುವ ಸ್ಟೂಲು ಖಾಲಿಯಾಗುವವರೆಗೆ ನಿಂತೇ ಇರುತ್ತಿದ್ದೆ. ‘ನನ್ನ ಕಟ್ಟಡ’ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ, ಹೇಳದೆ ಇರಲು ಆಗುತ್ತಿರಲಿಲ್ಲ.

ನನ್ನ ಅಪ್ಪ ಯಂಕಪ್ಪ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ಇಟ್ಟಿಗೆ ಇಟ್ಟು, ಗಾರೆ ಬಳಿದು, ಮನೆಗಳನ್ನು, ಒಂದು ಬ್ಯಾಂಕನ್ನು, ಎರಡು ಟಾಕೀಸುಗಳನ್ನು ಎಬ್ಬಿಸಿದ್ದಾನೆ. ಅವ್ವ ಬೇಗ ಹೋದಳು. ನಾನು ಅಪ್ಪನ ಜೊತೆ ಮರಳಿನ ಗುಡ್ಡೆಗಳ ಮೇಲೆ ಮಲಗಿ ಬೆಳೆದೆ. ಕಟ್ಟಡ ಮುಗಿದು ಉದ್ಘಾಟನೆಯಾಗುವ ದಿನ ಅಪ್ಪ ಒಗೆದ ಅಂಗಿ ಹಾಕಿಕೊಂಡು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಗೇಟಿನ ಹೊರಗೆ ನಿಂತು ರಿಬ್ಬನ್ ಕತ್ತರಿಸುವುದನ್ನು ತೋರಿಸುತ್ತಿದ್ದ. ಒಂದು ಸಲ, ಮದುವೆ ಮಂಟಪವೊಂದು ಶುರುವಾದ ದಿನ, ಒಳಗಿನ ಕಮಾನು ತಾನೇ ಕಟ್ಟಿದ್ದೆಂದು ತೋರಿಸಲು ನನ್ನ ಕೈ ಹಿಡಿದು ಬಾಗಿಲವರೆಗೆ ಕರೆದೊಯ್ದ. ಅಲ್ಲಿ ನಿಂತಿದ್ದವರೊಬ್ಬರು, “ಕೆಲಸ ಮುಗೀತಲ್ಲಪ್ಪಾ, ಇನ್ನೇನೈತಿ ನಿಂದು?” ಎಂದರು. ಬೈಯಲಿಲ್ಲ, ಹಾಗೇ ಸಹಜವಾಗಿ ಕೇಳಿದರು. ಅಪ್ಪ ತಿರುಗಿ ಬಂದ. “ಒಳಗ ಏನೂ ಇಲ್ಲ ತಗೀವಾ, ಬರೀ ಖುರ್ಚಿ ಅದಾವ,” ಎಂದ. ನನಗಾಗ ಒಂಬತ್ತು ವರ್ಷ. ನಾನು ಕಟ್ಟುವ ಮೊದಲ ಕಟ್ಟಡಕ್ಕೆ ಅಪ್ಪ ಎಲ್ಲರಿಗಿಂತ ಮೊದಲು, ಮುಂಬಾಗಿಲಿನಿಂದ ಹೋಗಬೇಕು ಎಂದು ಅವತ್ತೇ ತೀರ್ಮಾನ ಮಾಡಿದ್ದೆ.

ಹಾಗಾಗಿ ಮುಗಿಯುವವರೆಗೆ ಅವನನ್ನು ಕರೆಯಬಾರದು ಎಂದು ಹಟ ಹಿಡಿದಿದ್ದೆ. ಅರ್ಧ ಕಟ್ಟಿದ ಕಟ್ಟಡದೊಳಗೆ ಅವನು ಜೀವಮಾನವೆಲ್ಲ ಓಡಾಡಿದ್ದಾನೆ, ಅದನ್ನೇ ಮತ್ತೆ ತೋರಿಸುವುದೇನು? ಮೊಣಕಾಲು ಕೈಕೊಟ್ಟ ಮೇಲೆ ಅವನು ಮೂಡಣಕ್ಕೆ ಏಳು ತಾಸಿನ ದಾರಿಯ ಶಹರದಲ್ಲಿ, ಏಳುತ್ತಿರುವ ಒಂದು ಕಟ್ಟಡ ಕಾಯುತ್ತ ತಗಡಿನ ಶೆಡ್ಡಿನಲ್ಲಿದ್ದ. ಭಾನುವಾರಕ್ಕೊಮ್ಮೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದ. “ಮುಗೀತೇನವ್ವಾ?”

“ಇನ್ನೊಂದೀಟು ಐತಿ ಯಪ್ಪಾ,” ಎನ್ನುತ್ತಿದ್ದೆ.

“ಆಗ್ಲಿ. ಅವಸರ ಮಾಡಬ್ಯಾಡ. ನೀರ ಚಂದಂಗ ಕುಡಸು,” ಎನ್ನುತ್ತಿದ್ದ. ಹೊಸ ಗೋಡೆಗೆ ನೀರು ಹಾಕುವುದನ್ನು ಅಪ್ಪ ಯಾವಾಗಲೂ ಕುಡಿಸುವುದು ಎಂದೇ ಹೇಳುತ್ತಿದ್ದ.

ಪಾಯ ತೋಡಿ ಮುಗಿದ ಸಂಜೆ ಅಡಿವೆಪ್ಪ ಮೇಸ್ತ್ರಿ ನನ್ನ ಹತ್ತಿರ ಬಂದರು. ಅರವತ್ತು ದಾಟಿದವರು, ಆ ಊರಿನ ಅರ್ಧ ಮನೆಗಳು ಅವರ ಕೈಯವು. ನನ್ನ ಕಬ್ಬಿಣದ ಸರಳುಗಳ ಬಗ್ಗೆ ಅವರಿಗೆ ಸಮಾಧಾನವಿರಲಿಲ್ಲ, ಆದರೆ ಬಾಯಿಬಿಟ್ಟು ಬೇಡ ಎಂದಿರಲಿಲ್ಲ.

“ಬಾಯಾರ, ನಾಳಿಗೆ ಪಾಯದ ಬುತ್ತಿ ಐತಿ. ನಿಮ್ಮ ಕಡಿಂದ ಯಾರು ಬರ್ತಾರ?” ಎಂದರು.

ಪಾಯ ತುಂಬುವ ಮೊದಲು ಕಟ್ಟುವವರೆಲ್ಲ ತಮಗೆ ಬಹಳ ನೆನಪಾಗುವ ಒಬ್ಬರನ್ನು ಕರೆತಂದು, ತಗ್ಗಿನ ಅಂಚಿನಲ್ಲಿ ಕೂರಿಸಿಕೊಂಡು, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ ಒಟ್ಟಿಗೆ ಉಣ್ಣುವುದು ಅಲ್ಲಿನ ರೂಢಿ. ಹಾಗೆ ಉಂಡರೆ ಕಟ್ಟುವವರ ಮನಸ್ಸು ತಣ್ಣಗಿರುತ್ತದೆ, ಹಸಿ ಗೋಡೆಯನ್ನು ತಮ್ಮವರ ಕಡೆಗೆ ಎಳೆಯುವುದಿಲ್ಲ.

“ನನ್ನ ಕಡಿಂದ ಯಾರೂ ಇಲ್ರಿ,” ಎಂದೆ.

“ಯಾರೂ ನೆನಪಾಗೂದಿಲ್ಲೇನ್ರಿ?”

“ಇಲ್ರಿ. ನಂದೇನಿದ್ರೂ ಲೆಕ್ಕ.”

ಅಪ್ಪನನ್ನು ಕರೆಸಬಹುದಿತ್ತು. ಒಂದು ಬಸ್ಸಿನ ದಾರಿ. ಆದರೆ ತಗ್ಗಿನ ಅಂಚಿನಲ್ಲಿ ಕೂರಿಸಿ ರೊಟ್ಟಿ ಕೊಡಲು ನಾನು ಎಂಜಿನಿಯರ್ ಆಗಬೇಕಿತ್ತೇ? ಅವನು ನಲವತ್ತು ವರ್ಷ ಉಂಡದ್ದೇ ಅಂಥ ಅಂಚುಗಳಲ್ಲಿ.

ಮರುದಿನ ಎಲ್ಲರೂ ತಮ್ಮವರನ್ನು ಕರೆತಂದರು. ಅಡಿವೆಪ್ಪ ಮೇಸ್ತ್ರಿ ತಮ್ಮನ್ನು ಸಾಕಿದ ದೊಡ್ಡವ್ವನನ್ನು ಚಕ್ಕಡಿಯಲ್ಲಿ ಕರೆತಂದರು. ಕಾಂಕ್ರೀಟು ಕಲಸುವ ರಾಜೇಸಾಬ್ ಗಂಡನ ಮನೆಯಲ್ಲಿದ್ದ ಮಗಳನ್ನು ಕರೆಸಿಕೊಂಡಿದ್ದ. ಸೆಂಟ್ರಿಂಗ್ ಹಲಗೆ ಕಟ್ಟುವ ಸಿದ್ರಾಮ ಹೋದ ವರ್ಷ ಮಾರಿದ್ದ ಎಮ್ಮೆಯನ್ನು ಒಂದು ದಿನದ ಮಟ್ಟಿಗೆ ಕೇಳಿ ಹೊಡೆದುಕೊಂಡು ಬಂದಿದ್ದ. ಅದು ಅವನ ಕೈಯಿಂದ ನಾಲ್ಕು ರೊಟ್ಟಿ ತಿಂದು, ಸಾಲದೆ ನನ್ನ ನಕ್ಷೆಯ ಅಂಚನ್ನೂ ರುಚಿ ನೋಡಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಂದು ಕಲ್ಲಿನ ಮೇಲೆ ಒಬ್ಬಳೇ ಕೂತು, ತೊಡೆಯ ಮೇಲೆ ನೋಟ್‌ಬುಕ್ಕು ಹರವಿಕೊಂಡು, ಕಾಂಕ್ರೀಟಿನ ಅಳತೆ ಬರೆಯುತ್ತ ಉಂಡೆ. ರಾಜೇಸಾಬನ ಮಗಳು ತನ್ನ ಬುತ್ತಿಯಿಂದ ಒಂದು ಹೋಳಿಗೆ ತಂದು ನನ್ನ ಪಕ್ಕ ಇಟ್ಟು ಹೋದಳು.

ಕಟ್ಟಡ ಎದ್ದಿತು. ಅದು ಏಳುವುದನ್ನು ನೋಡುವುದಕ್ಕಿಂತ ದೊಡ್ಡ ಸಂತೋಷ ನನಗೆ ಇಲ್ಲಿಯವರೆಗೆ ಸಿಕ್ಕಿಲ್ಲ. ಕಾಗದದ ಮೇಲೆ ನಾನೆಳೆದ ಗೆರೆಗೆ ನೆರಳು ಬಿದ್ದ ದಿನ ಊಟ ಮರೆತೆ. ಚಾವಣಿ ಬಿದ್ದ ಮೇಲೆ ಸಂಜೆ ಕೆಲಸದವರು ಹೋದರೂ ನಾನು ಹೋಗುತ್ತಿರಲಿಲ್ಲ. ಕೋಣೆಯಿಂದ ಕೋಣೆಗೆ ಅಡ್ಡಾಡುತ್ತ ಅಪ್ಪನಿಗೆ ತೋರಿಸುತ್ತಿದ್ದೆ. ನೋಡು ಯಪ್ಪಾ, ಇಲ್ಲಿಂದ ಬೆಳಕು ಹೀಗೆ ಬರುತ್ತದೆ. ಈ ಮೂಲೆ ನೋಡು, ದಾರ ಹಿಡಿದರೂ ಕೂದಲೆಳೆ ವ್ಯತ್ಯಾಸವಿಲ್ಲ. ಈ ಮೆಟ್ಟಿಲು ನಿನ್ನ ಮೊಣಕಾಲಿಗೂ ಹಗುರ. ಅವನು ಅಲ್ಲಿರಲಿಲ್ಲ, ಆದರೆ ನಾನು ದಿನಾ ತೋರಿಸುತ್ತಿದ್ದೆ. ಇದಕ್ಕೆ ನೆನಪು ಎಂಬ ಹೆಸರಿದೆ ಎಂದು ನನಗೆ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ, ಸುಣ್ಣ ಬಳಿದು ವಾರವಾಗಿತ್ತು, ಒಂದನೇ ತರಗತಿಯ ಗೋಡೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಕಂಡಿತು. ಗಾರೆ ಒಣಗುವಾಗ ಹಾಗಾಗುತ್ತದೆ ಎಂದುಕೊಂಡು, ನಮ್ಮ ಕೆಲಸದ ಪದ್ಧತಿಯಂತೆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದೆ. ಬಿರುಕು ನಿಂತಿದ್ದರೆ ಗಾಜು ಉಳಿಯುತ್ತದೆ, ಬೆಳೆಯುತ್ತಿದ್ದರೆ ಒಡೆಯುತ್ತದೆ. ಮೂರನೇ ದಿನ ಒಡೆಯಿತು. ಇನ್ನೊಂದು ಅಂಟಿಸಿದೆ, ಅದೂ ಒಡೆಯಿತು. ಬಿರುಕು ಎರಡನೇ ಕೋಣೆಗೂ ಹೋಯಿತು. ತೂಗುಗುಂಡು ಇಳಿಬಿಟ್ಟು ನೋಡಿದರೆ ಗೋಡೆ ಮೂಡಣಕ್ಕೆ ಅರ್ಧ ಇಂಚು ವಾಲಿತ್ತು. ಸಿಮೆಂಟು ಸರಿಯಿಲ್ಲ ಎಂದೆ. ಬಿಸಿಲು ಜಾಸ್ತಿ ಎಂದೆ. ತೂತು ಕೊರೆದವನನ್ನು ಬೈದೆ. ಮೂರು ಸಲ ಲೆಕ್ಕವನ್ನು ಮೊದಲಿನಿಂದ ಹಾಕಿದೆ. ಮೂರು ಸಲವೂ ಸರಿಯೇ ಬಂತು.

ಸುದ್ದಿ ತಿಳಿದು ಮಹಾಂತಗೌಡರು ಬಂದು, ಬಿರುಕಿಗೆ ತಮ್ಮ ಕಿರುಬೆರಳು ಒತ್ತಿ ನೋಡಿದರು. ಉಗುರು ಹಿಡಿಸಿತು.

“ನೋಡ್ರಿ, ನನ್ನ ಕಿರುಬೆರಳು ಪೂರ್ತಿ ಹೊಕ್ಕಿತಂದ್ರ ಹುಡುಗ್ರನ್ನ ಇದರಾಗ ಕುಂದರಸೂದಿಲ್ಲ. ಕೆಡವಸ್ತೀನಿ. ನನಗ ಬ್ಯಾರೆ ದಾರಿ ಇಲ್ಲ,” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರ ಮೊಮ್ಮಗಳೂ ಒಂದನೇ ತರಗತಿಗೆ ಬರುವವಳಿದ್ದಳು. ಅಲ್ಲಿಂದ ಮುಂದೆ ಎರಡು ದಿನಕ್ಕೊಮ್ಮೆ ಬಂದು ಬೆರಳಿಟ್ಟು ನೋಡಿ ಹೋಗುತ್ತಿದ್ದರು. ಬಸಲಿಂಗಮ್ಮನವರು ನನ್ನನ್ನು ಸಮಾಧಾನ ಮಾಡಲು, “ಹೋಗ್ಲಿ ಬಿಡ್ರಿ ಬಾಯಾರ, ನಮಗ ನೀರಾಗ ಕುಂತು ರೂಢಿ ಐತಿ,” ಎಂದರು. ಆ ಮಾತಿಗಿಂತ ಎರಡೇಟು ಹೊಡೆದಿದ್ದರೆ ಒಳ್ಳೆಯದಿತ್ತು.

ಮೇ ಕೊನೆಯ ವಾರ ಉಗುರಿನ ಮೇಲಿನ ಗೆಣ್ಣು ಕೂಡ ಬಿರುಕಿಗೆ ಹೋಯಿತು. ಗೌಡರು ಕೈ ಒರೆಸಿಕೊಳ್ಳುತ್ತ, “ಒಂದನೇ ತಾರೀಕು ಮುಂಜಾನೆ ರಿಬ್ಬನ್ನೂ ತರ್ತೀನಿ, ಬೆರಳೂ ತರ್ತೀನಿ. ಏನ ಆಗತೈತಿ ನೋಡೂನು,” ಎಂದು ಹೋದರು. ಉಳಿದದ್ದು ಐದು ದಿನ. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಅಡಿವೆಪ್ಪ ಮೇಸ್ತ್ರಿ ಬಂದು ಒಂದು ಮೆಟ್ಟಿಲು ಕೆಳಗೆ ಕೂತು, ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು.

“ಬಾಯಾರ, ಹುಡುಗ್ರು ಇನ್ನಾ ಒಳಗ ಕಾಲಿಟ್ಟಿಲ್ಲ,” ಎಂದರು. “ಕೆರಿ ಪಡುವಣಕ್ಕೈತಿ, ಗ್ವಾಡಿ ಮೂಡಣಕ್ಕ ವಾಲೇತಿ. ಒಳಗ ಓಡಾಡಿದವರು ನಾವಷ್ಟ. ರಾಜೇಸಾಬನ ಮಗಳು ಉಂಡು ಹೋಗ್ಯಾಳ. ನಮ್ಮ ದೊಡ್ಡವ್ವ ಉಂಡು ಹೋಗ್ಯಾಳ. ಸಿದ್ರಾಮನ ಎಮ್ಮಿ ಸೈತ ಉಂಡು ಹೋಗೇತಿ.” ಎಲೆ ಮಡಿಚಿ ಬಾಯಿಗಿಟ್ಟುಕೊಂಡು, ನನ್ನ ಮುಖ ನೋಡದೆ ಕೇಳಿದರು. “ಮೂಡಣಕ್ಕ ಯಾರದಾರ್ರಿ ನಿಮ್ಮವರು?”

ನನಗೆ ಮೊದಲು ಸಿಟ್ಟೇ ಬಂತು. ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದೆ. ಮೂಡಣಕ್ಕೆ ಇದ್ದದ್ದು ಬಸ್ಸು ಬರುವ ರಸ್ತೆ. ಅದರ ಆ ತುದಿಯಲ್ಲಿ ತಗಡಿನ ಶೆಡ್ಡು. ಮತ್ತೆ ಕೂತೆ.

“ನಿಮಗ ಮೊದಲ ಗೊತ್ತಿತ್ತೇನ್ರಿ?” ಎಂದೆ.

“ಮೊದಲನೇ ಗಾಜು ಒಡದಾಗ ಗೊತ್ತಾತ್ರಿ. ಊರಿಗೆಲ್ಲ ಗೊತ್ತೈತಿ.”

“ಮತ್ತ ಯಾರೂ ಹೇಳಲಿಲ್ಲ?”

“ಒಬ್ಬರ ನೆನಪಿನ ಮಾತು ಇನ್ನೊಬ್ಬರು ತಗಿಯೂ ರೂಢಿ ಇಲ್ರಿ ಇಲ್ಲಿ. ಅವರಾಗೇ ಹೇಳೂತನಾ ಕಾಯಬೇಕು. ಗ್ವಾಡಿ ಬೀಳೂವಂಗಾತು, ಅದಕ್ಕ ಕೇಳಿದೆ. ತಪ್ಪ ತಿಳೀಬ್ಯಾಡ್ರಿ.”

ಚಹಾದಂಗಡಿಯವಳು ಒಂದು ತಿಂಗಳಿಂದ ನಾನು ಕೇಳದೆಯೇ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕುತ್ತಿದ್ದುದು ಯಾಕೆಂದು ಆಗ ಗೊತ್ತಾಯಿತು. ನಾನು ಅತ್ತೆ. ಮೇಸ್ತ್ರಿಯ ಮುಂದೆ, ನನ್ನ ಕಟ್ಟಡದ ಮೆಟ್ಟಿಲ ಮೇಲೆ ಕೂತು, ಅಪ್ಪ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹೋದ ದಿನ ಅತ್ತಂತೆ ಅತ್ತೆ. ಊರಿನ ಮಕ್ಕಳೆಲ್ಲರ ಮನಸ್ಸಿಗೆ ಕಿಟಕಿ ಇಟ್ಟವಳು ನನ್ನದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಂಡೆಗೆ ಬಿಗಿದ ಹದಿನಾರು ಕಂಬಗಳನ್ನು ದಿನಾ ಸಂಜೆ ಬಂದು ಎಳೆಯುತ್ತಿದ್ದವಳು ನಾನೇ.

ಆ ಭಾನುವಾರ ಅಪ್ಪನ ಫೋನ್ ಬಂತು. “ಮುಗೀತೇನವ್ವಾ?”

ಮುಗೀತು ಎಂದು ಹೇಳಲು ಎರಡು ವರ್ಷದಿಂದ ಕಾದಿದ್ದೆ. “ಇಲ್ಲ ಯಪ್ಪಾ. ಕೆಟ್ಟೈತಿ. ಗ್ವಾಡಿ ಸೀಳು ಬಿಟ್ಟೈತಿ. ಕೆಡವಿದ್ರೂ ಕೆಡವಬಹುದು. ನೀ ಬಾ,” ಎಂದೆ.

ಅಪ್ಪ ಏನಾದರೂ ಸಮಾಧಾನ ಹೇಳುತ್ತಾನೆ ಎಂದುಕೊಂಡೆ.

“ಎಷ್ಟಗಲ?” ಎಂದು ಕೇಳಿದ.

“ಬೆರಳ ಹೋಗತೈತಿ.”

“ಬರ್ತೀನಿ. ನನ್ನ ಕರಣಿ ತರ್ತೀನಿ. ಅಲ್ಲೀವು ನನ್ನ ಕೈಗೆ ಕುಂದರೂದಿಲ್ಲ,” ಎಂದ. ಗಾರೆ ಬಳಿಯುವ ಕರಣೆಯನ್ನು ಅಪ್ಪ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಕಾವಲಿಗೆ ಬೇರೊಬ್ಬರನ್ನು ನಿಲ್ಲಿಸಿ ಬರುವಷ್ಟರಲ್ಲಿ ಮೂವತ್ತೊಂದನೇ ತಾರೀಕು ಮಧ್ಯಾಹ್ನವಾಗಿತ್ತು. ಬಸ್ಸಿನಿಂದ ಇಳಿದವನ ಕೈಯಲ್ಲಿ ಒಂದು ಸಿಮೆಂಟು ಚೀಲ, ಅದರಲ್ಲಿ ಕರಣೆ, ಬುತ್ತಿ ಗಂಟು, ಒಂದು ಒಗೆದ ಅಂಗಿ. ಮೊದಲಿಗಿಂತ ಸಣ್ಣಗಾಗಿದ್ದ. ಶಾಲೆಯ ಗೇಟಿನವರೆಗೆ ಮಾತಾಡುತ್ತಲೇ ಬಂದವನು ಅಲ್ಲಿ ನಿಂತುಬಿಟ್ಟ. ತಲೆಯೆತ್ತಿ ಈ ತುದಿಯಿಂದ ಆ ತುದಿಯವರೆಗೆ ನೋಡಿದ.

“ಚಂದ ಕಟ್ಟೀದಿವಾ,” ಎಂದ.

“ಒಳಗ ಬಾ ಯಪ್ಪಾ.”

“ನಾಳಿಗೆ ದೊಡ್ಡವರು ಬರ್ತಾರಂದೆಲ್ಲ, ಅವರು ಬಂದು ತಗೀಲಿ. ನಾ ಇಲ್ಲೆ ನಿಂತು ನೋಡ್ತೀನಿ. ಇಲ್ಲಿಂದ ಎಲ್ಲಾ ಕ್ಲೀನ್ ಕಾಣತೈತಿ.”

ಎಷ್ಟು ಹೇಳಿದರೂ ಕೇಳಲಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿ ಬಾಗಿಲು ತೆರೆದಿತ್ತು. ಅವನು ಗೇಟಿನ ಕಂಬ ಹಿಡಿದುಕೊಂಡು, ಯಾವಾಗಲೂ ನಿಲ್ಲುವಂತೆ ನಿಂತಿದ್ದ. ಒಳಗೆ ಗಾಜಿನ ಪಟ್ಟಿ ಒಡೆದ ಸದ್ದು ಕೇಳಿತು. ಬಾಗಿಲಿನಿಂದ ತಲೆ ಹೊರಹಾಕಿ ಅಡಿವೆಪ್ಪ ಮೇಸ್ತ್ರಿ, “ಬಾಯಾರ, ಇನ್ನೊಂದು ಹೋತ್ರಿ,” ಎಂದರು. ಅಪ್ಪ ಅಷ್ಟು ಹತ್ತಿರ ಬಂದು ಹೊರಗೇ ನಿಂತದ್ದಕ್ಕೆ ನನ್ನ ಜೀವ ಎಷ್ಟು ಎಳೆಯಿತೋ ಏನೋ, ಮೂಡಣದ ಗೋಡೆ ಕಣ್ಣಿಗೆ ಕಾಣುವಂತೆ ನಮ್ಮ ಕಡೆ ನಡುಗಿತು.

“ಯಪ್ಪಾ, ನೀ ಒಳಗ ಬರಲಿಲ್ಲಂದ್ರ ಕಟ್ಟಡಾನ ಹೊರಗ ಬರತೈತಿ,” ಎಂದೆ.

ಅವನು ನನ್ನ ಮಾತು ಕೇಳಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ. ಗೌಂಡಿಯ ಕಣ್ಣಿಗೆ ಗೋಡೆ ನಡುಗಿದ್ದು ಕಂಡಿತ್ತು. ಚೀಲವನ್ನು ಅಲ್ಲೇ ಬಿಟ್ಟು, ಮೊಣಕಾಲು ನೋವು ಮರೆತು, ಚಪ್ಪಲಿ ಮೆಟ್ಟಿಕೊಂಡೇ ಮೆಟ್ಟಿಲು ಹತ್ತಿ ಒಳಗೆ ಓಡಿದ. ಯಾವ ಬಾಗಿಲು, ಯಾರು ಮೊದಲು ಎಂಬುದೆಲ್ಲ ಅವನಿಗೆ ನೆನಪೇ ಇರಲಿಲ್ಲ. ನಾನು ಹಿಂದೆ ಹೋಗುವಷ್ಟರಲ್ಲಿ ಒಂದನೇ ತರಗತಿಯಲ್ಲಿ ಎರಡೂ ಅಂಗೈಗಳನ್ನು ಗೋಡೆಗೆ ಹಚ್ಚಿ, ಕಿವಿಯಿಟ್ಟು ನಿಂತಿದ್ದ. ಬೆದರಿದ ಕರುವನ್ನು ಸವರುವಂತೆ ಸವರುತ್ತಿದ್ದ.

“ಏನಾಗೇತಿ ಇದಕ್ಕ?” ಎಂದು ಕೇಳಿದ.

ಹೇಳಿದೆ. ಮಂಟಪದ ಬಾಗಿಲಿನಿಂದ ಹಿಡಿದು, ಪಾಯದ ಬುತ್ತಿಗೆ ಕರೆಯದೇ ಹೋದದ್ದು, ಸಂಜೆ ಸಂಜೆ ಅವನಿಲ್ಲದೆ ಅವನಿಗೆ ಕಟ್ಟಡ ತೋರಿಸುತ್ತಿದ್ದದ್ದು, ಎಲ್ಲ ಹೇಳಿದೆ. ಮೇಸ್ತ್ರಿ ಮೆಲ್ಲಗೆ ಹೊರಗೆ ಹೋದರು. ಅಪ್ಪ ಗೋಡೆಯಿಂದ ಕೈ ತೆಗೆಯದೆ ಕೇಳಿಸಿಕೊಂಡ.

“ಹುಚ್ಚಿ, ಒಂದ ಮಾತು ಹೇಳಿದ್ರ ಹಾರಿ ಬರ್ತಿದ್ದೆಲ್ಲಾ. ಮುಗಿದ ಮ್ಯಾಲ ಬರಾಕ ನಾ ಏನು ಬೀಗನಾ?” ಎಂದ. ಅವನ ಕಣ್ಣುಗಳೂ ತುಂಬಿದ್ದವು.

ಮೇಸ್ತ್ರಿ ಗೇಟಿನಲ್ಲಿ ಬಿದ್ದಿದ್ದ ಚೀಲ ತಂದುಕೊಟ್ಟರು. ಅದೇ ಕೋಣೆಯ ನೆಲದ ಮೇಲೆ ಕೂತು ನಾವು ಮೂವರೂ ಬುತ್ತಿ ಬಿಚ್ಚಿ ಉಂಡೆವು. ರೊಟ್ಟಿ ಒಣಗಿತ್ತು, ಶೇಂಗಾ ಚಟ್ನಿ ಖಾರವಾಗಿತ್ತು. ಆಮೇಲೆ ಅಪ್ಪ ಕಟ್ಟಡವನ್ನೆಲ್ಲ ನೋಡಿದ. ನಾನು ಇಷ್ಟು ದಿನ ತೋರಿಸಿದ್ದನ್ನೆಲ್ಲ ಮತ್ತೆ ತೋರಿಸಿದೆ. ಮೆಟ್ಟಿಲು ಎರಡು ಸಲ ಹತ್ತಿ ಇಳಿದ. ಕಿಟಕಿಯ ಕಟ್ಟೆಗೆ ಮೊಣಕೈ ಊರಲು ಬಗ್ಗಿ ಕೆರೆ ನೋಡಿದ. ನನ್ನ ಹೆಮ್ಮೆಯ ಮೂಲೆಗೆ ಬಂದು ಒಂದು ಕಣ್ಣು ಮುಚ್ಚಿ, “ಒಂದೆಳಿ ಹೊರಗ ಹೋಗೇತಿ,” ಎಂದ. ನಾನು ಜಗಳಕ್ಕೆ ಬಿದ್ದೆ, ಮೇಸ್ತ್ರಿ ದಾರ ಹಿಡಿದರು. ಒಂದೆಳೆ ಹೊರಗೆ ಹೋಗಿತ್ತು.

ಹೊತ್ತು ಮುಳುಗುವ ಮೊದಲು ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ಹಾಗೇ ನಿಂತರು. ನನ್ನನ್ನು ಕೈಬೀಸಿ ಕರೆದರು. ಗೋಡೆ ನೆಟ್ಟಗೆ ನಿಂತಿತ್ತು. ಬಿರುಕು ಕೂಡಿಕೊಂಡು ಎಳೆಯಷ್ಟಾಗಿತ್ತು.

“ಬೆಳಕು ಹರಿದ ಕೂಡ್ಲೆ ತುಂಬಿಬಿಡೂನು,” ಎಂದ ಅಪ್ಪ. ಆಮೇಲೆ ಬಾಗಿಲ ಕಡೆ ನೋಡಿ, ಸಂಕೋಚದಿಂದ ಎಂಬಂತೆ, “ಹುಲಿಗೀ, ಆ ಬಾಗಿಲಾ ಒಂದೀಟು ಹಾಕವಾ. ನಾ ಕಟ್ಟಿದ್ದರೊಳಗ ಬಾಗಿಲಾ ಹಾಕ್ಕೊಂಡು ಎಂದೂ ಕುಂತಿಲ್ಲ. ಒಳಗಿಂದ ಹೆಂಗ ಇರತೈತಿ ನೋಡೂನು,” ಎಂದ. ಹಾಕಿದೆ. ಅಪ್ಪ ಒಂದನೇ ತರಗತಿಯ ಬೆಂಚಿನ ಮೇಲೆ ಮೊಣಕಾಲು ಮೇಲೆತ್ತಿಕೊಂಡು ಕೂತು, ಸುತ್ತಲೂ ನೋಡುತ್ತ ಇದ್ದ.

ಮರುದಿನ ಬೆಳಿಗ್ಗೆ ಅವನೂ ಮೇಸ್ತ್ರಿಯೂ ಒಳಗೆ ಗಾರೆ ಕಲಸುತ್ತಿದ್ದರು. ನಾನು ಸೀರೆ ಬದಲಿಸಿ ಬರುವುದು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಊರೇ ಬಂದಿತ್ತು. ಬಸಲಿಂಗಮ್ಮನವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿತ್ತು. ಗೌಡರು ಕತ್ತರಿಸಿ ಬಾಗಿಲು ತಳ್ಳಿದರು, ಅದು ತೆರೆಯಲಿಲ್ಲ. ಒಳಗಿನಿಂದ ಅಗಳಿ ಹಾಕಿತ್ತು. ನಾನು ಗುಂಪಿನ ಹಿಂದೆ ಗೇಟಿನ ಹತ್ತಿರ ಸಿಕ್ಕಿಕೊಂಡಿದ್ದೆ. ಗೌಡರು ಕದ ತಟ್ಟಿ, “ಯಾರದೀರಿ ಒಳಗ?” ಎಂದರು.

ಕರಣೆಯ ಸದ್ದು ನಿಂತಿತು. ಅಗಳಿ ತೆಗೆದು ಅಪ್ಪ ಬಾಗಿಲು ತೆರೆದ. ಮೊಣಕೈವರೆಗೆ ಸಿಮೆಂಟು, ಕಾಲಲ್ಲಿ ಚಪ್ಪಲಿ. ರಿಬ್ಬನ್ನಿನ ತುಂಡು, ಹಾರ, ಇಷ್ಟು ಜನ, ಎಲ್ಲವನ್ನೂ ನೋಡಿದ. ಹಳೆಯ ರೂಢಿಗೆ ಅವನ ಕಾಲು ಹೊರಕ್ಕೆ ಸರಿದದ್ದು ನನಗೆ ಕಂಡಿತು. ಅಷ್ಟರಲ್ಲಿ ಗೌಡರು ಒಳಗಿನ ಗೋಡೆಯ ಕಡೆಗೆ ಕಿರುಬೆರಳು ಚಾಚಿದರು.

“ಮುಟ್ಟಬ್ಯಾಡ್ರಿ ಯಜಮಾನ್ರ, ಗ್ವಾಡಿ ಹಸಿ ಐತಿ,” ಎಂದು ಅಪ್ಪ ಅಡ್ಡ ನಿಂತ. “ಸೀಳು ಕೂಡೇತಿ, ತುಂಬೀನಿ. ಇನ್ನ ಬಿಡೂದಿಲ್ಲ. ಬರ್ರಿ, ಒಳಗ ಬರ್ರಿ. ಮೊದಲ ಹುಡುಗ್ರು ಬರ್ಲಿ.”

ಗೌಡರು ಬೆರಳು ಹಿಂದಕ್ಕೆ ತೆಗೆದುಕೊಂಡು, ತಾವೇ ಪಕ್ಕಕ್ಕೆ ಸರಿದು ಮಕ್ಕಳಿಗೆ ದಾರಿ ಬಿಟ್ಟರು. ಮಕ್ಕಳು ನುಗ್ಗಿ ಕಿಟಕಿಗಳಿಗೆ ಓಡಿದರು. ಅಪ್ಪ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ಒಳಗೆ ಕರೆಯುತ್ತ, ಜನರ ತಲೆಗಳ ಮೇಲಿಂದ ಯಾರನ್ನೋ ಹುಡುಕಿದ. ನಾನು ಅವನ ಕಣ್ಣಿಗೆ ಬಿದ್ದೆ.

“ನೀ ಯಾಕ ಹೊರಗ ನಿಂತೀಯವಾ?” ಎಂದ. “ಬಾ ಒಳಗ.”